ಎಷ್ಟು ಪರ್ಸೆಂಟ್ ಇದೆ?

ಕ್ಯಾಂಪರ್ ವ್ಯಾನ್ ಇಟ್ಕೊಂಡಿರೋರ ಸಂಸಾರದಲ್ಲಿ ದಿನಾ ಅತಿ ಹೆಚ್ಚು ಸಲ ಕೇಳಿಬರೋ ಮಾತು "ಬ್ಯಾಟರಿ ಎಷ್ಟಿದೆ?" ಅನ್ನೋದು. ನೀರಿನ ಟ್ಯಾಂಕ್ ಆದ್ರೆ ಮುಚ್ಚಳ ತೆಗೆದು ಇಣುಕಬಹುದು, ಬ್ಯಾಟರಿ ಮಾತ್ರ ತುಂಬಿದ್ರೂ ಅಷ್ಟೇ ತೂಕ ಖಾಲಿಯಾದ್ರೂ ಅಷ್ಟೇ ತೂಕ, ಎಷ್ಟೊತ್ತು ಮುಂದೆ ಕೂತು ದಿಟ್ಟಿಸಿದ್ರೂ ಗುಟ್ಟು ಬಿಟ್ಟುಕೊಡಲ್ಲ.

ನಮ್ಮ ಗಾಡಿಗೆ ಮೊದಲಿಂದ ಇದ್ದಿದ್ದು ಗೋಡೆ ಮೇಲಿನ ನಾಲ್ಕು ಪುಟ್ಟ ಲೈಟು. ಬಟನ್ ಒತ್ತಿದ್ರೆ ಖಾಲಿ, ಮೂರನೇ ಒಂದು, ಮೂರನೇ ಎರಡು, ಫುಲ್ ಅಂತ ಹೇಳೋದು. ಮಧ್ಯಾಹ್ನ ಸೋಲಾರ್ ಚಾರ್ಜ್ ಆಗ್ತಿರೋವಾಗ ಒತ್ತಿ ನೋಡಿ, ಯಾವತ್ತೂ ಫುಲ್! ಯಾಕಂದ್ರೆ ಪಾಪ ಅದಕ್ಕೆ ಗೊತ್ತಿರೋದು ವೋಲ್ಟೇಜ್ ಒಂದೇ, ಚಾರ್ಜರ್ ಕೊಡೋ ವೋಲ್ಟೇಜನ್ನೇ ಬ್ಯಾಟರಿದು ಅಂತ ನಂಬಿಬಿಡುತ್ತೆ. ಅದೇ ರಾತ್ರಿ ಹೀಟರ್ ಫ್ಯಾನ್ ತಿರುಗ್ತಿರೋವಾಗ ಒತ್ತಿದ್ರೆ ಬ್ಯಾಟರಿ ಈಗಲೋ ಆಗಲೋ ಅನ್ನೋ ಸ್ಥಿತಿ. ಇದು ಸರಿ ಬರಲ್ಲ ಅಂತ ನಮ್ಮ ಯಜಮಾನ್ರು ಮಲ್ಟಿಮೀಟರ್ ತಂದ್ರು.

ಆಗ ಇದ್ದಿದ್ದು ಲೆಡ್ ಆಸಿಡ್ ಬ್ಯಾಟರಿ. 12.7 ವೋಲ್ಟ್ ಅಂದ್ರೆ ಫುಲ್, 12.2 ಅಂದ್ರೆ ಅರ್ಧ, ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದ್ರೆ ಬ್ಯಾಟರಿ ಆಯಸ್ಸು ಕಡಿಮೆ. ಅಂದ್ರೆ ನಮ್ಮ ಇಡೀ ಸಂಸಾರ ಆ ಅರ್ಧ ವೋಲ್ಟಿನೊಳಗೇ ನಡೀಬೇಕು. ಅದೂ ಹೋಗ್ಲಿ, ಈ ಲೆಕ್ಕ ಸರಿಯಾಗಿ ಸಿಗಬೇಕಂದ್ರೆ ಬ್ಯಾಟರಿ ಕೆಲವು ಗಂಟೆ ಸುಮ್ಮನಿರಬೇಕು, ಚಾರ್ಜೂ ಆಗಬಾರದು ಲೋಡೂ ಇರಬಾರದು. ಸೂರ್ಯ ಮುಳುಗಿದ ಮೇಲೆ ಎಲ್ಲಾ ಸ್ವಿಚ್ ಆಫ್ ಮಾಡಿ "ಯಾರೂ ಏನೂ ಮುಟ್ಬೇಡಿ, ಬ್ಯಾಟರಿ ರೆಸ್ಟ್ ಮಾಡ್ತಿದೆ" ಅಂತ ಇವರ ಆರ್ಡರ್. ಲೈಟ್ ಹಾಕೋವಷ್ಟು ಕರೆಂಟ್ ಇದೆಯಾ ಅಂತ ತಿಳ್ಕೊಳ್ಳೋಕೆ ನಾವು ಲೈಟ್ ಇಲ್ದೇ ಕೂತಿದ್ವಿ. ಇದೆ ಅಂತ ಗೊತ್ತಾಗೋ ಹೊತ್ತಿಗೆ ಎಲ್ಲರಿಗೂ ನಿದ್ದೆ.

ಆಮೇಲೆ ಲಿಥಿಯಂ ಬಂತು, ನೂರು ಆಂಪ್-ಅವರ್ ಕೆಪಾಸಿಟಿದು. ಒಳ್ಳೇ ಬ್ಯಾಟರಿ, ಹೆಚ್ಚುಕಮ್ಮಿ ಪೂರ್ತಿ ಬಳಸಬಹುದು, ಆದ್ರೆ ಇದರ ವೋಲ್ಟೇಜ್ ಇಳಿಯೋದೇ ಇಲ್ಲ! ಮುಕ್ಕಾಲು ಇದ್ರೂ 13.2 ಹತ್ತಿರ, ಅರ್ಧ ಆದ್ರೂ ಅದರ ಆಸುಪಾಸೇ, ಕೊನೇಲಿ ಧಡಕ್ಕಂತ ಬಿದ್ದು ಬ್ಯಾಟರಿಯನ್ನ ಕಾಯೋಕೆ ಅಂತ ಒಳಗಿರೋ ಸರ್ಕ್ಯೂಟ್ (ಬಿಎಂಎಸ್) ಕರೆಂಟ್ ಕಟ್ ಮಾಡುತ್ತೆ. ಫೋನಲ್ಲಿ ಕೇಳಿದಾಗೆಲ್ಲಾ "ಚೆನ್ನಾಗಿದ್ದೀನಮ್ಮಾ" ಅಂತಿದ್ದು ಒಂದಿನ ಸೀದಾ ಆಸ್ಪತ್ರೇಲಿ ಅಡ್ಮಿಟ್ ಆಗೋ ದೊಡ್ಡಪ್ಪನ ಹಾಗೆ. ಮಲ್ಟಿಮೀಟರ್ ಮೂಲೆ ಸೇರ್ತು.

ಇದಕ್ಕೆ ಪರಿಹಾರ ಶಂಟ್. ಬ್ಯಾಟರಿಯ ನೆಗೆಟಿವ್ ಕೇಬಲಲ್ಲಿ ಕೂರಿಸೋ ಒಂದು ಲೋಹದ ತುಂಡು, ನಮ್ಮದರ ಮೇಲೆ 500 ಆಂಪ್ 50 ಮಿಲಿವೋಲ್ಟ್ ಅಂತ ಬರೆದಿದೆ, ಹರಿಯೋ ಕರೆಂಟಿಗೆ ತಕ್ಕಂತೆ ಅದರಲ್ಲಿ ಚೂರೇ ಚೂರು ವೋಲ್ಟೇಜ್ ಹುಟ್ಟುತ್ತೆ, ಅದಕ್ಕೆ ಸೇರಿದ ಮೀಟರ್ ಅದನ್ನ ಅಳೆದು ಎಷ್ಟು ಒಳಗೆ ಹೋಯ್ತು ಎಷ್ಟು ಹೊರಗೆ ಬಂತು ಅಂತ ಕೂಡಿ ಕಳೆದು ಬ್ಲೂಟೂತಲ್ಲಿ ಫೋನಿಗೆ ಪರ್ಸೆಂಟ್ ಕಳಿಸುತ್ತೆ. ಅವತ್ತಿಂದ ನಮ್ಮ ಮನೇಲಿ ಯಾರಿಗೂ ಪ್ರೈವೆಸಿ ಇಲ್ಲ. ಇವರು ಗಾಡಿಯಿಂದಾಚೆ ಮರದ ಕೆಳಗೆ ಕುರ್ಚಿ ಹಾಕ್ಕೊಂಡು ಕೂತೇ "ಐದು ಆಂಪ್ ಏರ್ತು, ನೀರಿನ ಪಂಪ್ ಓಡ್ತಿದೆ, ಬಾತ್‌ರೂಮಲ್ಲಿ ಯಾರು? ನಲ್ಲಿ ನಿಲ್ಸಿ" ಅಂತಾರೆ. ನಡುರಾತ್ರಿ ಫ್ರಿಜ್ ಬಾಗಿಲು ತೆಗೆದಿದ್ದೂ ಕಂಪ್ರೆಸರ್ ಶುರುವಾದ ಟೈಮಿನ ಸಮೇತ ಬೆಳಿಗ್ಗೆ ಹೊರಗೆ ಬರುತ್ತೆ. ಮಗಳು 1500 ವ್ಯಾಟಿನ ಹೇರ್ ಡ್ರೈಯರ್ ಹಾಕಿದ್ಲು ಅಂತಿಟ್ಕೊಳ್ಳಿ, ಇನ್ವರ್ಟರ್ 12 ವೋಲ್ಟಿನ ಬ್ಯಾಟರಿಯಿಂದ ನೂರಮೂವತ್ತು ಆಂಪಿನ ಮೇಲೆ ಎಳೆಯುತ್ತೆ, ಐದು ನಿಮಿಷಕ್ಕೆ ಹತ್ತು ಪರ್ಸೆಂಟ್ ಢಮಾರ್. "ಹತ್ತು ಪರ್ಸೆಂಟ್ ಕೂದಲಿಗೆ!" ಅಂತ ಇವರು ಕೂಗಿದ್ದು ಪಕ್ಕದ ಗಾಡಿಯವರಿಗೂ ಕೇಳಿಸ್ತು.

ಇಂಥ ಟೈಮಲ್ಲಿ ಮೈದುನ ಬಂದ, ತನ್ನದೇ ಒಂದು ಕಂಪ್ರೆಸರ್ ಕೂಲ್ ಬಾಕ್ಸೂ ಒಂದು ಫ್ಯಾನೂ ತಗೊಂಡು. ಎಲ್ಲಾ ಅವನೇ ಫಿಟ್ ಮಾಡ್ಕೊಂಡ, ಕೈಕೆಲಸದಲ್ಲಿ ಹುಷಾರು ಹುಡುಗ. ಮೋಡ ಕವಿದಿತ್ತು, ಸೋಲಾರ್ ಅಷ್ಟಕ್ಕಷ್ಟೇ, ಆದ್ರೂ ಆಪಲ್ಲಿ ನಂಬರ್ ಚೆನ್ನಾಗೇ ಇತ್ತು, ಇವರು ಖುಷಿಯಾಗಿ ನಂಗೆ ಕೆಟಲ್ ಹಾಕೋಕೂ ಪರ್ಮಿಷನ್ ಕೊಟ್ರು (ಇದು ಸಣ್ಣ ವಿಷಯ ಅಲ್ಲ). ಸಂಜೆ ನೀರು ಕುದಿಯೋ ಮೊದಲೇ ಟಪ್ ಅಂತ ಇಡೀ ಗಾಡಿ ಕತ್ತಲು.

"ಚಾನ್ಸೇ ಇಲ್ಲ, ಈಗ ತಾನೇ 58 ಇತ್ತು" ಅಂದ್ರು ಇವರು. ಲೈಟಿಲ್ಲ, ಫ್ಯಾನಿಲ್ಲ, ಪಂಪಿಲ್ಲ, ಫೋನಲ್ಲಿ ಮಾತ್ರ ಕೊನೇ ಸಲ ಬಂದ 58 ಹಾಗೇ ಹೊಳೀತಿದೆ, ಅದನ್ನ ನಮ್ಮೆಲ್ಲರ ಮುಖಕ್ಕೂ ಹಿಡಿದು ತೋರಿಸ್ತಿದ್ದಾರೆ, ಕತ್ತಲಾಗಿದ್ದೇ ಸುಳ್ಳು ಅನ್ನೋ ಥರ.

ಟಾರ್ಚ್ ಹಾಕಿ ಬ್ಯಾಟರಿ ಬಾಕ್ಸ್ ತೆಗೆದ್ರೆ ಮೈದುನನ ವೈರು ಶಂಟನ್ನ ಹಾರಿಸ್ಕೊಂಡು ಸೀದಾ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೆ ಹೋಗಿ ಕೂತಿದೆ. ಕೂಲ್ ಬಾಕ್ಸು ರಾತ್ರಿ ಹಗಲು ಕುಡಿದಿದ್ದು ಒಂದು ಆಂಪೂ ಲೆಕ್ಕಕ್ಕೆ ಬಂದಿಲ್ಲ. "ಹೀಗ್ಯಾಕೆ ಕೊಟ್ಯೋ?" ಅಂತ ಇವರು ಕೇಳಿದ್ರೆ ಅವನು ನನ್ನ ಕಡೆ ತಿರುಗಿ, "ಅತ್ತಿಗೆ, ಅಣ್ಣ ಪರ್ಸೆಂಟ್ ಇಳಿದ್ರೆ ಟೆನ್ಷನ್ ಮಾಡ್ಕೋತಾನೆ ಅಂತ ನೀವೇ ಹೇಳಿದ್ರಲ್ಲ, ಅದಕ್ಕೇ ಅವನ ಮೀಟರ್ ತಂಟೆಗೇ ಹೋಗ್ಲಿಲ್ಲ" ಅಂದ. ಇದಕ್ಕೆ ಏನು ಹೇಳ್ತೀರಿ?

ವೈರನ್ನ ಶಂಟಿನ ಆಚೆ ಬದಿಗೆ ಬದಲಾಯಿಸಿ ಆಯ್ತು, ಬಿಸಿಲು ಬಂದು ಬ್ಯಾಟರಿ ಪೂರ್ತಿ ತುಂಬಿದ ಮೇಲೆ ಮೀಟರ್ ತಾನೇ ನೂರಕ್ಕೆ ಸೆಟ್ ಆಯ್ತು. ಹಾಗೆ ಆಗಾಗ ಫುಲ್ ಮಾಡ್ತಿರಬೇಕಂತೆ, ಇಲ್ದಿದ್ರೆ ಸಣ್ಣ ಸಣ್ಣ ತಪ್ಪು ಸೇರಿ ಲೆಕ್ಕ ಜಾರುತ್ತಂತೆ. ಬ್ಯಾಟರಿಗೆ ವಯಸ್ಸಾದ್ರೂ ಮೀಟರ್ ನಾವು ಟೈಪ್ ಮಾಡಿಕೊಟ್ಟ ನೂರು ಆಂಪ್-ಅವರನ್ನೇ ನಂಬ್ಕೊಂಡಿರುತ್ತಂತೆ. ಇದೆಲ್ಲಾ ಮೈದುನ ಓದಿ ತಿಳ್ಕೊಂಡು ಹೇಳಿದ್ದು, ಯಾಕಂದ್ರೆ ಈಗ ಅವನ ಫೋನಲ್ಲೂ ಆ ಆಪ್ ಇದೆ. ಬ್ಲೂಟೂತ್ ಒಂದು ಸಲಕ್ಕೆ ಒಂದೇ ಫೋನಿಗೆ ಸಿಗೋದ್ರಿಂದ ಅಣ್ಣ ತಮ್ಮ ಇಬ್ರೂ "ನೀನು ಕ್ಲೋಸ್ ಮಾಡೋ" "ನೀನು ಮಾಡಣ್ಣ" ಅಂತ ಮರದ ಕೆಳಗೆ ಜಗಳ ಆಡ್ತಿರ್ತಾರೆ. ಆ ಗ್ಯಾಪಲ್ಲಿ ಮಗಳು ಕೂದಲು ಒಣಗಿಸ್ಕೊಂಡು ಬಿಡ್ತಾಳೆ. ನಾನು ಕೆಟಲ್ ಸಹವಾಸ ಬಿಟ್ಟು ನೀರನ್ನ ಗ್ಯಾಸ್ ಮೇಲೆ ಇಡ್ತೀನಿ. ಸಿಲಿಂಡರ್ ತಳಕ್ಕೆ ಅಂಟಿಸೋ ಬ್ಲೂಟೂತ್ ಸೆನ್ಸರ್ ಒಂದು ಬರುತ್ತಂತೆ, ಗ್ಯಾಸ್ ಎಷ್ಟಿದೆ ಅಂತ ಅದೂ ಪರ್ಸೆಂಟಲ್ಲಿ ಹೇಳುತ್ತಂತೆ, ನಿನ್ನೆ ಇಬ್ರೂ ಸೇರಿ ಅದನ್ನ ಆರ್ಡರ್ ಮಾಡಿದಾರೆ.