ಬಿಸಿಬಿಸಿ ಹಳೇ ಮನೆ

ಜರ್ಮನಿಯ ಫ್ರಾಂಕ್‌ಫರ್ಟಿನ ನಡುಮಧ್ಯೆ 'ನೊಯೆ ಆಲ್ಟ್‌ಸ್ಟಾಟ್' ಅಂತ ಒಂದು ಪೇಟೆ ಇದೆ. ಕನ್ನಡದಲ್ಲಿ ಹೇಳಿದರೆ 'ಹೊಸ ಹಳೇ ಊರು'. ಸುಮ್ನೆ ತಮಾಷೆ ಮಾಡುತ್ತಿಲ್ಲ, ಅಲ್ಲಿಯವರು ಕರೆಯುವುದೇ ಹಾಗೆ.

ಅಲ್ಲಿನ ರಾಣಿ 'ಚಿನ್ನದ ತಕ್ಕಡಿ' ಅನ್ನುವ ಮನೆ. 1619ರಲ್ಲಿ ಕಟ್ಟಿಸಿದವನು ಅಬ್ರಹಾಂ ಫಾನ್ ಹಾಮೆಲ್, ಧರ್ಮದ ಗಲಾಟೆಗೆ ಊರು ಬಿಟ್ಟು ಬಂದ ಮಿಠಾಯಿ ಮತ್ತು ಮಸಾಲೆ ವ್ಯಾಪಾರಿ. ಕೆಳಗೆ ಕಲ್ಲಿನ ಕಮಾನು, ಮೇಲೆ ಮರದ ಚೌಕಟ್ಟಿನ ಮಹಡಿಗಳು, ಮೂಲೆಯಲ್ಲಿ ತಕ್ಕಡಿ ಹಿಡಿದ ಒಂದು ಕೈ. ಬೆಂಕಿ, ಮಳೆ, ಹಿಮ, ಹುಳ, ಬಾಡಿಗೆದಾರರು ಎಲ್ಲವನ್ನೂ ತಡೆದುಕೊಂಡು 325 ವರ್ಷ ನಿಂತಿತ್ತು. ಬೀಳಿಸಲು 1944ರ ಬಾಂಬ್ ದಾಳಿಯೇ ಬೇಕಾಯಿತು.

ಆಮೇಲೆ ನಗರದವರು ಏನು ಮಾಡಿದರು ಗೊತ್ತಾ? ಅವಶೇಷ ಗುಡಿಸಿ ಕಾರು ನಿಲ್ಲಿಸಿದರು. 1970ರ ದಶಕದಲ್ಲಿ ಅಲ್ಲೇ ಒಂದು ದೈತ್ಯ ಕಾಂಕ್ರೀಟ್ ಕಚೇರಿ ಎಬ್ಬಿಸಿದರು. ಒಳಗೆ ಕೂತವರು ಯಾರು ಅಂದರೆ ನಗರದ ತಾಂತ್ರಿಕ ಇಲಾಖೆಗಳು, ಅಂದರೆ ಎಲ್ಲಿ ಏನು ಕಟ್ಟಬೇಕು ಅಂತ ಊರಿಗೆಲ್ಲ ಬುದ್ಧಿ ಹೇಳುವವರು! 1974ರಲ್ಲಿ ಮುಗಿದ ಈ ಆಧುನಿಕ ಅದ್ಭುತವನ್ನು 2010ರಲ್ಲಿ ಒಡೆಯಲು ಶುರು ಮಾಡಿದರು. ಮರ, ಮಣ್ಣು, ಹುಲ್ಲಿನದು 325 ವರ್ಷ. ಕಬ್ಬಿಣ, ಸಿಮೆಂಟಿನದು 36.

ಈಗ ಜ್ಞಾನೋದಯ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಎಲ್ಲ ಕಡೆಯೂ ಇದೆ, ಇವರು ಕೊಳ್ಳೆ ಹೋದ ಊರನ್ನೇ ಹೊಸದಾಗಿ ಮಾಡಿಸಿದರು. ಸುಮಾರು 20 ಕೋಟಿ ಯೂರೊ ಖರ್ಚು, 35 ಕಟ್ಟಡ, ಅದರಲ್ಲಿ 15 ಹಳೇ ಮನೆಗಳ ನಕಲು. 2018ರಲ್ಲಿ ಬಾಗಿಲು ತೆರೆಯಿತು. ಕೆಲಸ ಮಾತ್ರ ಬೊಂಬಾಟ್, ಅದನ್ನು ಒಪ್ಪಲೇಬೇಕು. ಆ ಬಡಗಿಗಳ ಕೈಗೆ ನಮಸ್ಕಾರ.

ನಿಜವಾದ ಹಳೇದು ನೋಡಬೇಕಾದರೆ ಪೂರ್ವದ ಕ್ವೆಡ್ಲಿನ್‌ಬುರ್ಗ್‌ಗೆ ಹೋಗಬೇಕು. ಅಲ್ಲಿ ಇಂಥ ಮರದ ಮನೆಗಳು 2000ಕ್ಕೂ ಜಾಸ್ತಿ. ಒಂದೊಂದು ಮಹಡಿಯೂ ಕೆಳಗಿನದಕ್ಕಿಂತ ಸ್ವಲ್ಪ ಮುಂದೆ ಚಾಚಿಕೊಂಡು, ಪಕ್ಕದ ಮನೆಯ ಜಗಳ ಕೇಳಲು ಬಗ್ಗಿದ ಹಾಗೆ ಕಾಣುತ್ತದೆ. ತೊಲೆಗಳ ಕೀಲಿಗೆ ಮೊಳೆ ಇಲ್ಲ, ಓಕ್ ಮರದ ಗೂಟ. ತೊಲೆಗಳ ನಡುವೆ ಹೆಣೆದ ಕಡ್ಡಿ, ಅದರ ಮೇಲೆ ಹುಲ್ಲು ಕಲಸಿದ ಮಣ್ಣು. ಈ ಗೋಡೆ ಉಸಿರಾಡುತ್ತದೆ. ಯಾರೋ ಪುಣ್ಯಾತ್ಮ 'ಗಟ್ಟಿಯಾಗಲಿ' ಅಂತ ಸಿಮೆಂಟ್ ಮೆತ್ತಿದರೆ ನೀರು ಒಳಗೇ ಸಿಕ್ಕಿಕೊಂಡು ತೊಲೆ ಕೊಳೆಯುತ್ತದೆ. ಎಷ್ಟೋ ಮನೆ ಸತ್ತಿದ್ದು ರೋಗದಿಂದ ಅಲ್ಲ, ಔಷಧಿಯಿಂದ.

ಈ ಊರು ಉಳಿದದ್ದು ಹೇಗೆ ಅಂತೀರಾ? ಸಂರಕ್ಷಣಾ ನೀತಿ, ತಜ್ಞರ ಸಮಿತಿ? ಅಯ್ಯೋ, ಇಲ್ಲ. 1960ರ ದಶಕದಲ್ಲಿ ಪೂರ್ವ ಜರ್ಮನಿಯ ಸರ್ಕಾರ ಇದನ್ನೂ ಕೆಡವಿ ದೊಡ್ಡ ಚೌಕ ಮಾಡಲು ಯೋಜನೆ ಹಾಕಿತ್ತು. ಕೆಡವಲು ದುಡ್ಡಿರಲಿಲ್ಲ. ಬಡವಾ ನೀ ಮಡಗ್ದಂಗಿರು ಅನ್ನುವ ಮಾತನ್ನು ಒಂದು ಇಡೀ ದೇಶ ಪಾಲಿಸಿದ್ದಕ್ಕೆ 1994ರಲ್ಲಿ ಯುನೆಸ್ಕೊ ಬಂದು ವಿಶ್ವ ಪರಂಪರೆ ಅಂತ ಬೋರ್ಡು ಕೊಟ್ಟಿತು.

ಫ್ರಾಂಕ್‌ಫರ್ಟಿನ ಹತ್ತಿರ ದುಡ್ಡಿತ್ತು, ಅದೇ ಅದರ ಕಷ್ಟ. ಅಲ್ಲಿ ತಕ್ಕಡಿ ಮನೆಯ ಮುಂದೆ ನಿಂತು ಎಲ್ಲರ ಹಾಗೆ ನಾನೂ ಸೆಲ್ಫಿ ತೆಗೆದುಕೊಂಡೆ. ಈ ಪೇಟೆಯ ಬುಡದಲ್ಲೇ ಕಾರ್ ಪಾರ್ಕಿಂಗ್, ಮೆಟ್ರೋ ನಿಲ್ದಾಣ ಎರಡೂ ಇವೆ. ಫಾನ್ ಹಾಮೆಲ್ ನೋಡಿದ್ದರೆ ಮಿಠಾಯಿ ಅಂಗಡಿಯನ್ನು ಕೆಳಗೇ ಇಟ್ಟುಕೊಳ್ಳುತ್ತಿದ್ದ.

ಫೋಟೊ ಅಮ್ಮನಿಗೆ ಕಳಿಸಿದೆ. "ಎಷ್ಟು ಚೆಂದ ಇದೆ, ಎಷ್ಟು ವರ್ಷ ಹಳೇದು?" ಅಂತ ಕೇಳಿದರು.

"ನಮ್ಮನೆ ಫ್ರಿಜ್‌ಗಿಂತ ಚಿಕ್ಕದು" ಅಂದೆ.