ಮುನ್ನೂರು ಕರಗಿತು ಅಂದ ವಾಚು

ಬೆಳಗ್ಗೆ ಏಳೂವರೆಗೆ ವಾಕಿಂಗ್ ಮುಗಿಸಿ ಲಾಲ್‌ಬಾಗಿನ ಗೇಟು ದಾಟಿದವರು ಮೊದಲು ನೋಡುವುದು ಮಣಿಕಟ್ಟು, ಆಮೇಲೆ ನೋಡುವುದು ದೋಸೆ ಕಾವಲಿ. ಸ್ಮಾರ್ಟ್‌ವಾಚು 310 ಕ್ಯಾಲೊರಿ ಕರಗಿತು ಅಂದರೆ ಒಂದು ಬೆಣ್ಣೆ ಮಸಾಲೆಗೆ ಪರ್ಮಿಷನ್ ಸಿಕ್ಕಂತೆಯೇ. ಆ 310 ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಇನ್ನೊಂದು ಸಲ ಚಟ್ನಿ ಕೇಳಿಯಾರು, ಅಷ್ಟೇ.

ಲೆಕ್ಕ ಕಷ್ಟದ್ದೇನಲ್ಲ, ಬೆರಳಲ್ಲೇ ಮಾಡಬಹುದು. ಸುಮ್ಮನೆ ಕೂತಿರುವಾಗ ದೇಹ ಖರ್ಚು ಮಾಡುವ ಶಕ್ತಿಗೆ 1 ಮೆಟ್ ಅನ್ನುತ್ತಾರೆ. ಒಂದು ಕಿಲೋ ತೂಕಕ್ಕೆ ಗಂಟೆಗೆ ಸುಮಾರು ಒಂದು ಕ್ಯಾಲೊರಿ. ಯಾವ ಕೆಲಸಕ್ಕೆ ಎಷ್ಟು ಮೆಟ್ ಅನ್ನುವ ದೊಡ್ಡ ಪಟ್ಟಿಯೊಂದು 1993ರಲ್ಲಿ ಅಮೆರಿಕದಲ್ಲಿ ಬಂತು. 2000, 2011, 2024ರಲ್ಲಿ ಅದನ್ನು ಪರಿಷ್ಕರಿಸಿದರು. 2011ರ ಪಟ್ಟಿಯ ಪ್ರಕಾರ ಗಂಟೆಗೆ ಸುಮಾರು 5 ಕಿ.ಮೀ. ನಡಿಗೆ 3.5 ಮೆಟ್, ಹಠಯೋಗ 2.5. ಕಸ ಗುಡಿಸುವುದು ಹೆಚ್ಚುಕಮ್ಮಿ ನಡಿಗೆಗೆ ಸಮ. ಈ ಕೊನೆಯದನ್ನು ಮನೆಯ ಗಂಡಸರಿಗೆ ಯಾವ ಆ್ಯಪೂ ನೋಟಿಫಿಕೇಶನ್ ಕಳಿಸುವುದಿಲ್ಲ.

70 ಕಿಲೋ ತೂಕದವರು 45 ನಿಮಿಷ ನಡೆದರೆ: 3.5 × 70 × 0.75, ಅಂದರೆ 184. ಇಲ್ಲೇ ಮೊದಲ ಎಡವಟ್ಟು. ಆ ಹೊತ್ತು ಮನೆಯಲ್ಲಿ ಪೇಪರ್ ಓದುತ್ತ ಕೂತಿದ್ದರೂ 1 ಮೆಟ್ ಖರ್ಚಾಗುತ್ತಿತ್ತಲ್ಲ, ಅದನ್ನು ಕಳೆಯಬೇಕು. 2.5 × 70 × 0.75, ಅಂದರೆ 131. ಇದು ನಡಿಗೆಯ ನಿವ್ವಳ ಗಳಿಕೆ. ಇನ್ನು ಆ 45 ನಿಮಿಷದಲ್ಲಿ ಕೆರೆ ಏರಿಯ ಮೇಲೆ ನಿಂತು ಮಗಳ ಸಂಬಂಧದ ವಿಷಯ ಮಾತಾಡಿದ್ದು ಹದಿನೈದು ನಿಮಿಷ ಇದ್ದೇ ಇರುತ್ತದೆ. ಉಳಿದ ಅರ್ಧ ಗಂಟೆಗೆ 88. ಕಾವಲಿಯ ಮೇಲೆ ಬೀಳುವ ಬೆಣ್ಣೆ 15 ಗ್ರಾಂ ಅಂದುಕೊಂಡರೂ ಅದೊಂದೇ 108 ಕ್ಯಾಲೊರಿ. ಪಲ್ಯದ ಲೆಕ್ಕ ಇನ್ನೂ ಶುರುವೇ ಆಗಿಲ್ಲ.

ಹಾಗಾದರೆ ವಾಚು 310 ಅಂದಿದ್ದೇಕೆ? ಅದು ನೇರವಾಗಿ ಅಳೆಯುವುದು ಕ್ಯಾಲೊರಿಯನ್ನಲ್ಲ. ಹಸಿರು ಬೆಳಕನ್ನು ಚರ್ಮದೊಳಗೆ ಬಿಟ್ಟು ನಾಡಿಬಡಿತ ಎಣಿಸುತ್ತದೆ, ಕೈ ಆಡುವುದನ್ನು ಗಮನಿಸುತ್ತದೆ, ನಾವು ಕೊಟ್ಟ ವಯಸ್ಸು, ತೂಕ, ಎತ್ತರ ಸೇರಿಸಿ ಒಂದು ಅಂದಾಜು ಹೇಳುತ್ತದೆ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು 60 ಜನರ ಕೈಗೆ ಇಂಥ ಏಳು ಬಗೆಯ ವಾಚು-ಪಟ್ಟಿಗಳನ್ನು ಕಟ್ಟಿ ಪರೀಕ್ಷಿಸಿದರು. ನಾಡಿಬಡಿತದಲ್ಲಿ ಏಳರಲ್ಲಿ ಆರರ ತಪ್ಪು ಶೇ. 5ರೊಳಗೆ ಇತ್ತು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಜಾಣ ಪಟ್ಟಿಯೂ ಸರಾಸರಿ ಶೇ. 27 ತಪ್ಪಿತ್ತು. ದಡ್ಡ ಪಟ್ಟಿಯದು ಶೇ. 93.

ನಾಡಿ ಏರುವುದಕ್ಕೆ ವ್ಯಾಯಾಮವೇ ಬೇಕೆಂದಿಲ್ಲ. ಸ್ಟ್ರಾಂಗ್ ಕಾಫಿ ಕುಡಿದರೂ ಏರುತ್ತದೆ, ಏಪ್ರಿಲ್ ಸೆಕೆಗೂ ಏರುತ್ತದೆ, ಗಲ್ಲಿಯ ನಾಯಿ ಗುರ್ ಅಂದರಂತೂ ಹೇಳುವುದೇ ಬೇಡ. ಪಟ್ಟಿ ಸಡಿಲವಾಗಿದ್ದರೆ ಇನ್ನೊಂದು ತಮಾಷೆ: ವಾಚು ರಕ್ತದ ಬಡಿತ ಬಿಟ್ಟು ಹೆಜ್ಜೆಯ ಕುಲುಕನ್ನೇ ನಾಡಿ ಅಂತ ಎಣಿಸುತ್ತದೆ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟಿದರೆ ಈ ಕಾಟ ಕಡಿಮೆ. ಹೆಜ್ಜೆ ಎಣಿಕೆಯ ನ್ಯಾಯವೂ ವಿಚಿತ್ರವೇ. ಭಜನೆಯಲ್ಲಿ ಕೂತಲ್ಲೇ ತಾಳ ಹಾಕಿದವರಿಗೆ ನೂರಾರು ಹೆಜ್ಜೆ ಜಮೆಯಾಗಬಹುದು. ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಮಾರ್ಕೆಟ್ಟಿನಿಂದ ನಡೆದು ಬಂದವರ ಕೈ ಅಲ್ಲಾಡುವುದಿಲ್ಲವಾದ್ದರಿಂದ, ಹೆಚ್ಚು ದುಡಿದೂ ಅವರ ಖಾತೆ ಬಡವಾಗಿರುತ್ತದೆ.

ಜಿಮ್ಮಿನ ಟ್ರೆಡ್‌ಮಿಲ್ಲು ಸೂತ್ರ ಹಾಕುತ್ತದೆ, ಸೂತ್ರ ಒಳ್ಳೆಯದೇ. ನಿಮಿಷಕ್ಕೆ ಎಷ್ಟು ಮೀಟರ್ ನಡೆಯುತ್ತೀರೋ ಅದನ್ನು 0.1ರಿಂದ ಗುಣಿಸಿ, ಏರು ಇದ್ದರೆ ವೇಗ × ಏರು × 1.8 ಕೂಡಿಸಿ, ಮೇಲೆ 3.5 ಸೇರಿಸಿ. ಕಿಲೋ ತೂಕಕ್ಕೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಆಮ್ಲಜನಕ ಬೇಕು ಅನ್ನುವುದು ಸಿಗುತ್ತದೆ. ಅದನ್ನು 3.5ರಿಂದ ಭಾಗಿಸಿದರೆ ಮೆಟ್. ಗಂಟೆಗೆ 5 ಕಿ.ಮೀ. ಸಮತಟ್ಟಿನಲ್ಲಿ 11.8 ಬರುತ್ತದೆ. ಶೇ. 5 ಏರು ಕೊಟ್ಟರೆ 19.3, ಅಂದರೆ ಐದೂವರೆ ಮೆಟ್. ಕೆಡುವುದು ನಮ್ಮಿಂದ. ತೂಕ ಕೇಳಿದಾಗ ಅವಸರದಲ್ಲಿ ಸ್ಟಾರ್ಟ್ ಒತ್ತಿದರೆ ಯಂತ್ರ ತನ್ನೊಳಗೆ ಮೊದಲೇ ತುಂಬಿದ ತೂಕ ಹಿಡಿಯುತ್ತದೆ. ಅದು 70 ಇದ್ದು, ಮೇಲೆ ನಡೆಯುತ್ತಿರುವವರು 52 ಕಿಲೋ ಇದ್ದರೆ ಮೂರನೇ ಒಂದರಷ್ಟು ಹೆಚ್ಚು ತೋರಿಸುತ್ತದೆ. ಎರಡನೆಯದು ಹಿಡಿಕೆ. ಏರು ಹನ್ನೆರಡಕ್ಕೆ ಇಟ್ಟು, ಮುಂದಿನ ಕಂಬಿಗೆ ಜೋತುಬಿದ್ದು, ಹಿಂದಕ್ಕೆ ವಾಲಿಕೊಂಡು ನಡೆಯುವವರು ಪ್ರತಿ ಜಿಮ್ಮಿನಲ್ಲೂ ಇದ್ದಾರೆ. ಭಾರ ಹೊರುವುದು ಕಂಬಿ, ಲೆಕ್ಕ ಇವರ ಹೆಸರಿಗೆ. ಕಂಬಿ ಬಿಟ್ಟು ನಡೆಯಲು ಆಗದಿದ್ದರೆ ಏರು ಇಳಿಸುವುದೇ ಸರಿ.

ಬೆಟ್ಟ ಹತ್ತುವವರಿಗೆ ಯಂತ್ರವೇ ಬೇಡ, ಹೈಸ್ಕೂಲಿನ ಭೌತಶಾಸ್ತ್ರ ಸಾಕು. ಶ್ರವಣಬೆಳಗೊಳದ ವಿಂಧ್ಯಗಿರಿ ನೆಲದಿಂದ ಸುಮಾರು 470 ಅಡಿ, 143 ಮೀಟರ್. 70 ಕಿಲೋವನ್ನು ಅಷ್ಟು ಮೇಲೆತ್ತಲು ಬೇಕಾದ ಕೆಲಸ 23 ಕ್ಯಾಲೊರಿ ಚಿಲ್ಲರೆ. ನಮ್ಮ ಸ್ನಾಯುಗಳು ನಾಲ್ಕೈದು ಪಾಲು ಸುಟ್ಟು ಒಂದು ಪಾಲು ಕೆಲಸ ಮಾಡುವ ಜಾತಿಯವಾದ್ದರಿಂದ ಖರ್ಚು 95ರಿಂದ 115. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಸುಡುವ ಬಂಡೆ, ಬರಿಗಾಲು, ಏದುಸಿರು, ಎಲ್ಲಾ ಸೇರಿ ಅಷ್ಟೇ. ಗೊಮ್ಮಟ ಸುಮ್ಮನೆ ನಿಂತು ಕೆಲಸ ಮುಗಿಸಿದ್ದಾನೆ.

ಪ್ಲಾಸ್ಟಿಕ್ ಜರ್ಕಿನ್ ಹಾಕಿಕೊಂಡು ಓಡಿ ಅರ್ಧ ಕಿಲೋ ಇಳಿಸುವವರ ವಿಷಯ ಉದ್ದ ಮಾಡುವುದು ಬೇಡ. ಇಳಿದದ್ದು ನೀರು, ಎರಡು ಚೊಂಬು ಕುಡಿದರೆ ವಾಪಸ್ಸು. ಒಂದು ಕಿಲೋ ಕೊಬ್ಬಿನಲ್ಲಿರುವುದು ಸುಮಾರು 7,700 ಕ್ಯಾಲೊರಿ. ಮೇಲಿನ ನಿವ್ವಳ 131ರಿಂದ ಭಾಗಿಸಿ ನೋಡಿ, ಎಷ್ಟು ಬೆಳಗು ಬೇಕಾಗುತ್ತದೆ ಅಂತ.

ಎರಡೆರಡು ಸಲ ಎಣಿಸುವುದು ಇನ್ನೊಂದು ಪಿಡುಗು. ಊಟದ ಆ್ಯಪು ಮೊದಲೇ ಕೇಳುತ್ತದೆ: ನೀವು ಎಷ್ಟು ಚಟುವಟಿಕೆಯವರು? ಎಲ್ಲರೂ ಧಾರಾಳವಾಗಿ 'ಮಧ್ಯಮ' ಒತ್ತುತ್ತಾರೆ. ಏನೂ ಮಾಡದೆ ಮಲಗಿದ್ದರೂ ದಿನಕ್ಕೆ ಆಗುವ ಮೂಲ ಖರ್ಚು 1500 ಕ್ಯಾಲೊರಿ ಇದ್ದವರಿಗೆ ಅಲ್ಲಿಗೆ 1.55ರಿಂದ ಗುಣಿಸಿ 2325 ಮಂಜೂರಾಯಿತು. ಕುರ್ಚಿ ಕೆಲಸದವರಿಗೆ ಸಲ್ಲುವುದು 1.2, ಅಂದರೆ 1800. ಅದರ ಮೇಲೆ ವಾಚಿನ 310 ಕೂಡ ತಾನಾಗಿ ಬಂದು ಸೇರುತ್ತದೆ. ಒಂದೇ ನಡಿಗೆಗೆ ಎರಡು ಬಿಲ್. ಆ್ಯಪಿನಲ್ಲಿ 'ಕೂತು ಕೆಲಸ' ಅಂತ ಇಟ್ಟು ವಾಚನ್ನು ಜೋಡಿಸಿ, ಇಲ್ಲವೇ ಚಟುವಟಿಕೆ ಆರಿಸಿ ವಾಚನ್ನು ಬಿಡಿಸಿ. ಎರಡೂ ಬೇಡವೆಂದರೆ ದೂರ ಹಿಡಿಯುವುದು ಸುಲಭ: ನಡೆದರೆ ಕಿ.ಮೀ.ಗೆ ತೂಕದ ಅರ್ಧದಷ್ಟು ಕ್ಯಾಲೊರಿ, ಓಡಿದರೆ ತೂಕದಷ್ಟೇ. 70 ಕಿಲೋದವರಿಗೆ 4 ಕಿ.ಮೀ. ನಡಿಗೆ 140, ಓಟ 280.

ಇನ್ನು ಫೋನಿನ ಸೆಟ್ಟಿಂಗಿನಲ್ಲಿ ಶಕ್ತಿಯ ಘಟಕ ಕಿಲೋಜೂಲ್ ಆಗಿದ್ದರಂತೂ ಹಬ್ಬ. 184 ಹೋಗಿ 770 ಆಗುತ್ತದೆ. ಆ ಸ್ಕ್ರೀನ್‌ಶಾಟ್ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗುತ್ತದೆ, ಹೂಗುಚ್ಛ, ಚಪ್ಪಾಳೆ ಸುರಿಯುತ್ತವೆ, ದೊಡ್ಡಮ್ಮ 'ಜೋಪಾನ ಕಣೋ, ತೀರಾ ಸೊರಗಬೇಡ' ಅಂತ ಬರೆಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಗುಂಪಿನಲ್ಲಿರುವ ನಿವೃತ್ತ ಫಿಸಿಕ್ಸ್ ಮೇಷ್ಟ್ರಿಂದ ಒಂದೇ ಸಾಲು ಬರುತ್ತದೆ: '4.184ರಿಂದ ಭಾಗಿಸು.'