ಬತ್ತಿ ಹೊಸೆಯುವ ಹೊತ್ತು

ಕಳೆದ ಕಾರ್ತೀಕ ಮಾಸದ ಒಂದು ಸೋಮವಾರ ದೇವಾಲಯವೊಂದರಲ್ಲಿ ನಮ್ಮ ಮನೆಯವರೆಲ್ಲರ ಹೆಸರಿನಲ್ಲಿ ರುದ್ರಾಭಿಷೇಕ ನಡೆಯಿತು. ನಾನು ಮೊಬೈಲಿನಲ್ಲೇ ಹಣ ಕಟ್ಟಿ, ಗೋತ್ರ, ನಕ್ಷತ್ರ, ರಾಶಿಗಳನ್ನು ಬರೆದು ಕಳುಹಿಸಿದ್ದೆ. ಅರ್ಚಕರು ಶ್ರದ್ಧೆಯಿಂದ ಸಂಕಲ್ಪ ಮಾಡಿದ ವಿಡಿಯೊ ವಾಟ್ಸ್‌ಆ್ಯಪ್‌ಗೆ ಬಂದಾಗ ಸಿಲ್ಕ್ ಬೋರ್ಡ್ ಬಳಿ ಬಸ್ಸಿನಲ್ಲಿ ನಿಂತಿದ್ದೆ. ಅರ್ಧ ನೋಡಿ, ಕೈಮುಗಿಯುವುದನ್ನೂ ಮರೆತು, ಕಚೇರಿಯ ಸಂದೇಶಕ್ಕೆ ಉತ್ತರ ಬರೆಯತೊಡಗಿದೆ. ಪೂಜೆ ವಿಧಿವತ್ತಾಗಿಯೇ ನಡೆದಿತ್ತು, ಆದರೆ ಅದರಲ್ಲಿ ನನ್ನ ಪಾಲು ಏನಿತ್ತು ಎಂಬ ಪ್ರಶ್ನೆ ರಾತ್ರಿಯವರೆಗೂ ಮನಸ್ಸನ್ನು ಕೊರೆಯಿತು.

ಬಸವನಗುಡಿಯ ಮನೆಗೆ ಬಂದಾಗ ಅಮ್ಮ ಎಂದಿನಂತೆ ಲಕ್ಷಬತ್ತಿಗೆಂದು ಹತ್ತಿ ಹಿಡಿದು ಕುಳಿತಿದ್ದರು. ಹತ್ತಿಯಲ್ಲಿನ ಬೀಜ, ಕಸವನ್ನು ಬಿಡಿಸಿ, ಎಳೆ ಎಳೆಯಾಗಿ ಹಿಂಜಿ, ಬೆರಳಿಗೆ ತುಸು ವಿಭೂತಿ ಸವರಿಕೊಂಡು ಹೊಸೆಯುತ್ತಾರೆ. ನೂರಾದ ಮೇಲೆ ಒಂದು ಕಟ್ಟು ಕಟ್ಟಿ ಸ್ಟೀಲ್ ಡಬ್ಬಿಗೆ ಹಾಕುತ್ತಾರೆ. ದಿನಕ್ಕೆ 300 ಹೊಸೆದರೂ 1,00,000 ಆಗಲು ಸುಮಾರು 11 ತಿಂಗಳು ಬೇಕು. ಗಾಂಧಿ ಬಜಾರಿನಲ್ಲಿ ಸಿದ್ಧವಾದ ಲಕ್ಷಬತ್ತಿಯೇ ಸಿಗುತ್ತದಲ್ಲ, ಬೆರಳು ನೋವಿಟ್ಟುಕೊಂಡು ಏಕೆ ಕಷ್ಟಪಡುತ್ತೀರಿ ಎಂದು ಹಿಂದೊಮ್ಮೆ ಕೇಳಿದ್ದೆ. “ಅಂಗಡಿ ಬತ್ತಿನೂ ಉರಿಯತ್ತೆ ಕಣೋ. ಆದ್ರೆ ಹೊಸೆಯೋ ಹೊತ್ತಿನಲ್ಲಿ ನಾನು ಅವನ ಜೊತೆ ಇರ್ತೀನಲ್ಲ, ಅದನ್ನ ಯಾರು ಮಾರ್ತಾರೆ?” ಎಂದಿದ್ದರು. ಅಂದು ಆ ಮಾತು ನನಗೆ ತಟ್ಟಿರಲಿಲ್ಲ.

ಹಾಸಿಗೆ ಹಿಡಿದವರಿಗೆ, ದೂರದೇಶದಲ್ಲಿರುವವರಿಗೆ ಆನ್‌ಲೈನ್ ಸೇವೆ ನಿಜಕ್ಕೂ ದೊಡ್ಡ ಆಸರೆ. ಅದನ್ನು ನಾನು ಹಳಿಯುವುದಿಲ್ಲ. ಆದರೆ ಕೈಕಾಲು ಗಟ್ಟಿಯಿರುವ ನನ್ನಂಥವರು ಪೂಜೆಯನ್ನೆಲ್ಲ ಇನ್ನೊಬ್ಬರಿಗೆ ಒಪ್ಪಿಸಿ, ಭಕ್ತಿ ಮಾತ್ರ ತಾನಾಗಿ ಹುಟ್ಟಲಿ ಎಂದು ಕಾಯುವುದು ಸರಿಯಲ್ಲ ಎಂದು ಈಗ ಖಂಡಿತವಾಗಿ ಅನಿಸುತ್ತದೆ. “ಭಾವ ಬಂದಾಗ ಜಪಕ್ಕೆ ಕೂರುತ್ತೇನೆ” ಎಂದು ನಾನೂ ವರ್ಷಗಟ್ಟಲೆ ಹೇಳಿಕೊಂಡಿದ್ದೆ. ಗೀತೆಯ 12ನೆಯ ಅಧ್ಯಾಯದ ಹೆಸರೇ ಭಕ್ತಿಯೋಗ. ಅಲ್ಲಿ ಕೃಷ್ಣನು, ಮನಸ್ಸನ್ನು ನನ್ನಲ್ಲಿ ಸ್ಥಿರವಾಗಿ ನಿಲ್ಲಿಸಲು ಆಗದಿದ್ದರೆ ಅಭ್ಯಾಸದಿಂದ ನನ್ನನ್ನು ಹೊಂದಲು ಬಯಸು ಎನ್ನುತ್ತಾನೆ. ಮನಸ್ಸು ನಿಲ್ಲದವನಿಗೂ ಅಲ್ಲಿ ದಾರಿಯಿದೆ.

ಬರೀ ಎಣಿಕೆಯಿಂದಲೂ ಆಗದು. ಅಭ್ಯಾಸವು ಬೇರೂರಬೇಕಾದರೆ ದೀರ್ಘಕಾಲ, ಎಡೆಬಿಡದೆ, ಸತ್ಕಾರದಿಂದ ನಡೆಸಬೇಕು ಎಂದು ಪತಂಜಲಿಯ ಯೋಗಸೂತ್ರ ಹೇಳುತ್ತದೆ. ಸತ್ಕಾರವೆಂದರೆ ಆದರ, ಮನೆಗೆ ಬಂದ ಅತಿಥಿಗೆ ತೋರುವಂಥದ್ದು. ಸಾಧನೆಯ ಲಕ್ಷಣದಲ್ಲೇ ಅದು ಸೇರಿಕೊಂಡಿರುವುದು ನನಗೆ ಬಹಳ ಹಿಡಿಸಿತು.

ಇನ್ನು ಎಲ್ಲವೂ ಭಗವಂತನ ಕೃಪೆಯಾದರೆ ನಮ್ಮ ಪ್ರಯತ್ನವೇಕೆ ಎಂಬುದು ಹಳೆಯ ಪ್ರಶ್ನೆ. ಶ್ರೀವೈಷ್ಣವರಲ್ಲಿ ವಡಗಲೈ ಸಂಪ್ರದಾಯದವರು ಮರ್ಕಟ ನ್ಯಾಯವನ್ನೂ ತೆಂಗಲೈ ಸಂಪ್ರದಾಯದವರು ಮಾರ್ಜಾಲ ನ್ಯಾಯವನ್ನೂ ಹೇಳುತ್ತಾರೆ: ಕೋತಿಮರಿ ತಾಯಿಯನ್ನು ತಾನೇ ಅವುಚಿಕೊಳ್ಳುತ್ತದೆ, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಒಯ್ಯುತ್ತದೆ. ಎರಡರಲ್ಲಿ ಯಾವುದು ಮೇಲೆಂದು ತೀರ್ಮಾನಿಸುವ ಯೋಗ್ಯತೆ ನನ್ನದಲ್ಲ. ಪೂರ್ಣ ಶರಣಾಗತಿ ಬಂದವರಿಗೆ ಬೆಕ್ಕಿನ ಮರಿಯ ನಿಶ್ಚಿಂತೆ ಒಪ್ಪುತ್ತದೆ. ನನಗಿನ್ನೂ ಅದು ಬಂದಿಲ್ಲವಾದ್ದರಿಂದ ಅವುಚಿಕೊಳ್ಳುವ ಕೆಲಸ ಬಾಕಿಯಿದೆ.

ಈಗ ಬೆಳಗ್ಗೆ ಐದೂವರೆಗೆ ಎದ್ದು, ಸ್ನಾನ ಮುಗಿಸಿ, ಫೋನನ್ನು ಬೇರೆ ಕೋಣೆಯಲ್ಲಿಟ್ಟು 108 ಜಪ ಮಾಡುತ್ತೇನೆ. ಹೆಚ್ಚಿನ ದಿನ ಮನಸ್ಸು ಮೂವತ್ತು ದಾಟುವ ಮೊದಲೇ ಎಲ್ಲಿಗೋ ಹೋಗಿರುತ್ತದೆ, ಕರೆದುಕೊಂಡು ಬರುತ್ತೇನೆ. ರಾತ್ರಿ ಊಟವಾದ ಮೇಲೆ ಅಮ್ಮನ ಪಕ್ಕ ಕುಳಿತು ಹತ್ತಿ ಹಿಂಜುತ್ತೇನೆ. ನಾನು ಹೊಸೆದ ಮೊದಲ ಬತ್ತಿಗಳು ತೀರ ದಪ್ಪವಾಗಿದ್ದವು. ಅಮ್ಮ ಅವನ್ನು ಎಸೆಯಲಿಲ್ಲ. ಒಂದೊಂದನ್ನೇ ಬಿಡಿಸಿ, ಹತ್ತಿಯನ್ನು ಮತ್ತೆ ನನ್ನ ಕೈಗೇ ಕೊಟ್ಟರು.